ಕಾರನ್ನು ಒಂದಿಂಚು ಇಳಿಸುವ ಮುನ್ನ

ಪಾರ್ಕಿಂಗಲ್ಲಿ ನಿಂತಿರೋ ಯಾವುದೇ ಕಾರಿನ ಮುಂದಿನ ಚಕ್ರದ ಮೇಲೆ ಕೈ ಇಟ್ಟು ನೋಡಿ. ಟೈರಿಗೂ ಅದರ ಮೇಲಿನ ಫೆಂಡರ್ ಕಮಾನಿಗೂ ನಡುವೆ ಮೂರು-ನಾಲ್ಕು ಬೆರಳು ಸಲೀಸಾಗಿ ಹೋಗುತ್ತೆ. ಕಾರಿನ ಹುಚ್ಚು ಇಲ್ಲದವರಿಗೆ ಆ ಜಾಗ ಕಣ್ಣಿಗೇ ಬೀಳಲ್ಲ. ಹುಚ್ಚು ಹತ್ತಿದವರಿಗೆ ಅದು ಬಿಟ್ಟು ಬೇರೇನೂ ಕಾಣಲ್ಲ! ಹೊಸ ಅಲಾಯ್ ವೀಲ್ ಹಾಕಿಸಿದ ಮೇಲಂತೂ ಆ ಖಾಲಿ ಜಾಗ ಇನ್ನೂ ದೊಡ್ಡದಾಗಿ ಕಾಣುತ್ತೆ. ಅದನ್ನ ಕಮ್ಮಿ ಮಾಡೋಕೆ ಇರುವ ಜನಪ್ರಿಯ ದಾರಿ ಲೋವರಿಂಗ್ ಸ್ಪ್ರಿಂಗ್. ಕಂಪನಿ ಕೊಟ್ಟ ಸ್ಪ್ರಿಂಗ್ ತೆಗೆದು, ಅದಕ್ಕಿಂತ ಗಿಡ್ಡನೆಯ, ಒಂಚೂರು ಗಟ್ಟಿಯಾದ ಸ್ಪ್ರಿಂಗ್ ಹಾಕೋದು. ಕಾರು ಎರಡೂವರೆ, ಮೂರೂವರೆ ಸೆಂಟಿಮೀಟರ್ ಕೆಳಗೆ ಕೂರುತ್ತೆ.

ನಾನಿರೋದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. ಕಾರು ಕಂಪನಿಗಳ ಅನ್ನ ತಿನ್ನೋ ಊರು ಇದು. ಬೇಸಿಗೆಯ ಶನಿವಾರ ಬಂತಂದ್ರೆ ಬೀದಿಯ ಅರ್ಧ ಗ್ಯಾರೇಜುಗಳ ಬಾಗಿಲು ತೆರೆದಿರುತ್ತೆ, ಒಳಗೆ ಯಾರದ್ದೋ ಎರಡು ಕಾಲು ಕಾರಿನ ಕೆಳಗಿಂದ ಹೊರಗೆ ಚಾಚಿರುತ್ತೆ. ಹೋದ ವರ್ಷ ಜೂನ್‌ನಲ್ಲಿ ನನ್ನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ (2016ರ ಮಾಡೆಲ್, ಸೆಕೆಂಡ್ ಹ್ಯಾಂಡ್) ಮನೆಯ ಗ್ಯಾರೇಜಲ್ಲೇ ನಾನೇ ಸ್ಪ್ರಿಂಗ್ ಬದಲಿಸಿದೆ. ಫೋಟೊ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ, ರಾಜಾಜಿನಗರದಿಂದ ಚಿಕ್ಕಪ್ಪನ ಮಗನ ಮೆಸೇಜ್ ಬಂತು.

"ಅಕ್ಕಾ, ಡಿಸೆಂಬರಲ್ಲಿ ಬರ್ತೀಯಲ್ಲ, ನನ್ನ ಪೋಲೋಗೂ ಒಂದು ಸೆಟ್ ತಗೊಂಡ್ಬಾ. ಸೂಟ್‌ಕೇಸಲ್ಲಿ ಹಿಡಿಯುತ್ತೆ. ಇಬ್ರೂ ಸೇರಿ ಮನೇಲೇ ಹಾಕ್ಬಿಡೋಣ."

ಸೂಟ್‌ಕೇಸಲ್ಲಿ ಹಿಡಿಯುತ್ತೆ, ಅದು ನಿಜ. ಆದ್ರೆ ಆ ಪೋಲೋ ಅವರ ಮನೆಯ ಒಂದೇ ಕಾರು. ಚಿಕ್ಕಪ್ಪನಿಗೆ ಮಂಡಿ ನೋವು. ವರ್ಷಕ್ಕೆ ಎರಡು ಸಲವಾದರೂ ಐದು ಜನ ಕೂತು ಧರ್ಮಸ್ಥಳಕ್ಕೆ ಶಿರಾಡಿ ಘಾಟಿ ಇಳೀತಾರೆ. ಅವನಿಗೆ ಒಂದು ಗಂಟೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಈ ಆಸೆ ಇರೋದು ಅವನೊಬ್ಬನಿಗೇ ಅಲ್ಲ, ಮತ್ತೆ ಈ ಕೆಲಸದಲ್ಲಿ ಒಂದು ಜಾಗ ಇದೆ, ಅಲ್ಲಿ ತಪ್ಪಿದರೆ ಕೈ-ಮುಖ ಉಳಿಯಲ್ಲ.

ಸ್ಪ್ರಿಂಗ್ ಗಿಡ್ಡ ಆದರೆ ಏನಾಗುತ್ತೆ

ಕಾರಿನ ತೂಕ ಹೊತ್ತು ನಿಂತಾಗ ಸ್ಪ್ರಿಂಗ್ ಅರ್ಧ ಕುಗ್ಗಿರುತ್ತೆ. ಗುಂಡಿ ಅಥವಾ ಹಂಪ್ ಸಿಕ್ಕಾಗ ಚಕ್ರ ಮೇಲಕ್ಕೆ ಬರೋಕೆ ಇನ್ನು ಸ್ವಲ್ಪ ದೂರ ಉಳಿದಿರಬೇಕು. ಆ ದೂರ ಮುಗಿದ ಕಡೆ ರಬ್ಬರಿನಂಥ ಒಂದು ಗಟ್ಟಿ ತುಂಡು ಕೂತಿರುತ್ತೆ, ಅದೇ ಬಂಪ್ ಸ್ಟಾಪ್. ಚಕ್ರ ಅಲ್ಲಿಗೆ ಬಂದು ಬಡಿದಾಗ "ಧಡ್" ಅಂತ ಸದ್ದು ಬಂದು ಬೆನ್ನಿಗೆ ತಾಗುತ್ತಲ್ಲ, ಅದು. ಮೊದಲು ಎಂಟು ಸೆಂಟಿಮೀಟರ್ ಉಳಿದಿತ್ತು ಅಂದ್ಕೊಳ್ಳಿ. ಎರಡೂವರೆ ಇಳಿಸಿದರೆ ಉಳಿಯೋದು ಐದೂವರೆ. ಗುಂಡಿ ಮಾತ್ರ ಮೊದಲಿನಷ್ಟೇ ಆಳ. ಅದಕ್ಕೇ ಒಳ್ಳೆ ಕಂಪನಿಯವರು ಗಿಡ್ಡ ಸ್ಪ್ರಿಂಗನ್ನ ಗಟ್ಟಿಯಾಗಿಯೂ ಮಾಡ್ತಾರೆ. ಅನೇಕ ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುತ್ತುಗಳು ಒತ್ತೊತ್ತಾಗಿ ಇರುತ್ತವೆ. ಭಾರ ಹೆಚ್ಚಾದಂತೆ ಅವು ಒಂದರ ಮೇಲೊಂದು ಕೂತುಬಿಡುತ್ತವೆ, ಕೆಲಸ ಮಾಡೋ ಸುತ್ತುಗಳು ಕಮ್ಮಿಯಾಗಿ ಸ್ಪ್ರಿಂಗ್ ಇನ್ನಷ್ಟು ಬಿಗಿಯಾಗುತ್ತೆ.

ಇಳಿಸಿದರೆ ಕಾರು ತಿರುವಿನಲ್ಲಿ ಕಮ್ಮಿ ವಾಲುತ್ತೆ ಅನ್ನೋ ಮಾತು ಅರ್ಧ ಸತ್ಯ. ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರೋ ಕಾರುಗಳಲ್ಲಿ (ಗಾಲ್ಫ್, ಪೋಲೋ, ಸ್ವಿಫ್ಟ್ ಎಲ್ಲಾ ಅದೇ) ಎತ್ತರ ಇಳಿಸಿದಾಗ ಕೆಳಗಿನ ತೋಳಿನ ಓರೆ ಬದಲಾಗುತ್ತೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಆ ಬಿಂದು ಕಾರಿಗಿಂತ ಹೆಚ್ಚು ಕೆಳಗೆ ಹೋಗಿಬಿಡುತ್ತೆ. ಹಾಗಾಗಿ ಬರೀ ಎತ್ತರ ಇಳಿಸಿ ಸ್ಪ್ರಿಂಗ್ ಗಟ್ಟಿ ಮಾಡದೇ ಇದ್ದರೆ ಕಾರು ಮೊದಲಿಗಿಂತ ಜಾಸ್ತಿ ವಾಲಬಹುದು. ವಾಲೋದು ಕಮ್ಮಿ ಆಗೋದು ಹೆಚ್ಚಾಗಿ ಗಟ್ಟಿತನದಿಂದ. ನಾನು ಇಳಿಸಿದ್ದು ಚೆಂದಕ್ಕೆ. ಅದನ್ನ ಒಪ್ಪಿಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ.

ಗ್ಯಾರೇಜಲ್ಲಿ ಒಂದು ಶನಿವಾರ

ಮಿಷಿಗನ್‌ನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಹಾಕ್ತಾರೆ, ಹಿಮ ಕರಗಲಿ ಅಂತ. ಆ ಉಪ್ಪು ಕಾರಿನ ಅಡಿಯ ಪ್ರತಿ ಬೋಲ್ಟಿಗೂ ತುಕ್ಕು ಹಿಡಿಸಿರುತ್ತೆ. ಹಾಗಾಗಿ ನನ್ನ ಕೆಲಸ ಶುರುವಾದದ್ದು ಶನಿವಾರ ಅಲ್ಲ, ಬುಧವಾರ. ದಿನಾ ಸಂಜೆ ಬಿಚ್ಚಬೇಕಾದ ಬೋಲ್ಟುಗಳಿಗೆಲ್ಲ ತುಕ್ಕು ಸಡಿಲಿಸೋ ಎಣ್ಣೆ ಸ್ಪ್ರೇ ಮಾಡಿ ಬಿಡೋದು. ಈ ಮೂರು ಸಂಜೆಯ ಕೆಲಸ ಯಾವ ವಿಡಿಯೊದಲ್ಲೂ ತೋರಿಸಲ್ಲ. ಬೆಂಗಳೂರಲ್ಲಿ ಇಷ್ಟು ತುಕ್ಕು ಇರಲ್ಲ. ಮಂಗಳೂರು, ಉಡುಪಿ ಕಡೆಯವರು ಮಾತ್ರ ಈ ಎಣ್ಣೆ ಮರೆಯಬೇಡಿ.

ಇನ್ನೊಂದು ಮೊದಲೇ ಮಾಡಬೇಕಾದ್ದು ಹೊಸ ಬೋಲ್ಟ್ ತರಿಸೋದು. ಫೋಕ್ಸ್‌ವ್ಯಾಗನ್ ಕಾರುಗಳ ಸಸ್ಪೆನ್ಷನ್ನಿನಲ್ಲಿ ಹಲವು ಬೋಲ್ಟು, ನಟ್ಟುಗಳು ಒಂದೇ ಸಲ ಬಳಸೋವು. ಬಿಗಿ ಮಾಡಿದಾಗ ಅವು ಬೇಕೆಂದೇ ಒಂಚೂರು ಹಿಗ್ಗುತ್ತವೆ, ಹಿಡಿತ ಬರೋದೇ ಅದರಿಂದ. ಹಿಗ್ಗಿದ್ದನ್ನ ಮತ್ತೆ ಹಾಕಿದರೆ ಆ ಹಿಡಿತ ನಂಬೋ ಹಾಗಿಲ್ಲ. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಯಾವುದನ್ನ ಬದಲಿಸಬೇಕು, ಯಾವುದನ್ನ ಎಷ್ಟು ಬಿಗಿ ಮಾಡಬೇಕು ಅಂತ ಇರುತ್ತೆ. ವಿಡಿಯೊ ನೋಡಿ ಅಂದಾಜು ಮಾಡೋ ವಿಷಯ ಅಲ್ಲ ಅದು.

ಬಿಚ್ಚೋ ಮೊದಲು ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ನಾಲ್ಕೂ ಚಕ್ರದ ಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡೆ. ಟೈರಿಂದ ಫೆಂಡರಿಗೆ ಅಳೆದರೆ ಗಾಳಿ ಒತ್ತಡ ಹೆಚ್ಚುಕಮ್ಮಿಯಾದಾಗ ಲೆಕ್ಕ ತಪ್ಪುತ್ತೆ. ಆಮೇಲೆ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿದೆ. ಜಾಕಿ ಇರೋದು ಎತ್ತೋಕೆ ಮಾತ್ರ, ಎತ್ತಿ ಹಿಡಿದಿರೋಕೆ ಅಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಬರುತ್ತಲ್ಲ ಆ ಪುಟಾಣಿ ಜಾಕಿಯ ಮೇಲೆ ಕಾರು ನಿಲ್ಲಿಸಿ ಯಾವ ಕಾರಣಕ್ಕೂ ಕೆಳಗೆ ಹೋಗಬೇಡಿ. ಬಿಚ್ಚಿದ ಚಕ್ರವನ್ನ ಕಾರಿನ ಅಡಿಗೆ ಮಲಗಿಸಿ ಇಟ್ಟರೆ ಇನ್ನೊಂದು ರಕ್ಷಣೆ.

ಹಿಂಬದಿ ಸುಲಭ. ಗಾಲ್ಫ್‌ನಲ್ಲೂ ಪೋಲೋದಲ್ಲೂ ಹಿಂದಿನ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ನನ್ನ ಗಾಲ್ಫ್‌ನಲ್ಲಿ ಕೆಳಗಿನ ತೋಳಿಗೆ ಜಾಕಿ ಆನಿಸಿ, ಹೊರತುದಿಯ ಬೋಲ್ಟ್ ತೆಗೆದು, ಜಾಕಿಯನ್ನ ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತೆ. ಹೊಸದನ್ನ ಕೂರಿಸುವಾಗ ಅದರ ಕತ್ತರಿಸಿದ ತುದಿ ರಬ್ಬರ್ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಬೇಕು, ಮೇಲೆ ಬರೆದಿರೋ ಅಕ್ಷರಗಳು ನೆಟ್ಟಗೆ ಓದೋ ಹಾಗಿರಬೇಕು. ಅಕ್ಷರ ತಲೆಕೆಳಗಾಗಿದ್ದರೆ ಸ್ಪ್ರಿಂಗೂ ತಲೆಕೆಳಗೆ. ಬೋಲ್ಟನ್ನ ಕಾರು ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಅಲ್ಲಿರೋ ರಬ್ಬರ್ ಬುಷ್ ತಿರುಚಿಕೊಂಡೇ ಕೂತುಬಿಡುತ್ತೆ, ಬೇಗ ಹರಿದುಹೋಗುತ್ತೆ. ಜಾಕಿಯಿಂದ ತೋಳನ್ನ ಕಾರು ನಿಲ್ಲೋ ಎತ್ತರಕ್ಕೆ ಎತ್ತಿ ಆಮೇಲೆ ಬಿಗಿ ಮಾಡಬೇಕು. ಎರಡೂ ಬದಿ ಸೇರಿ ಒಂದೂವರೆ ಗಂಟೆ ಹಿಡೀತು.

ಮುಂಬದಿಯದ್ದು ಬೇರೆಯೇ ಕಥೆ. ಅಲ್ಲಿ ಸ್ಪ್ರಿಂಗ್, ಶಾಕ್ ಎರಡೂ ಸೇರಿ ಒಂದೇ ಕಂಬ, ಅದೇ ಸ್ಟ್ರಟ್. ಅದರ ತಲೆ ಬಾನೆಟ್ ಕೆಳಗೆ ಬಾಡಿಗೆ ಸೇರಿರುತ್ತೆ, ಕಾಲು ಚಕ್ರದ ನಕಲ್‌ಗೆ. ಗಾಲ್ಫ್‌ನಲ್ಲಿ ತಲೆಯ ಬೋಲ್ಟ್ ಮುಟ್ಟಬೇಕಂದ್ರೆ ವೈಪರ್ ತೋಳು, ಅದರ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಎಲ್ಲಾ ತೆಗೀಬೇಕು. ಕಾಲಿನ ಕಡೆ ನಕಲ್ ಒಂದು ಸೀಳು ಬಿಟ್ಟ ಬಳೆ ಥರ ಸ್ಟ್ರಟ್ಟನ್ನ ಅವುಚಿ ಹಿಡಿದಿರುತ್ತೆ. ಬೋಲ್ಟ್ ತೆಗೆದರೂ ಅದು ಬಿಡಲ್ಲ. ಆ ಸೀಳಿಗೆ ಹಾಕಿ ತಿರುಗಿಸಿ ಅಗಲಿಸೋಕೆ ಅಂತಲೇ ಒಂದು ಸಣ್ಣ ಬಿಟ್ ಬರುತ್ತೆ, ಅದಿಲ್ಲದೆ ಸ್ಕ್ರೂಡ್ರೈವರ್ ಹಾಕಿ ಸುತ್ತಿಗೇಲಿ ಹೊಡೆಯೋರಿದ್ದಾರೆ. ನಕಲ್ ಸೀಳಿದರೆ ಆ ಖರ್ಚು ಸ್ಪ್ರಿಂಗಿಗಿಂತ ಜಾಸ್ತಿ. ಕೆಳಗೆ ಬಿಟ್ಟ ನಕಲ್ ಬ್ರೇಕ್ ಹೋಸಿನ ಮೇಲೆ, ಎಬಿಎಸ್ ವೈರಿನ ಮೇಲೆ ನೇತಾಡಬಾರದು. ಮೊದಲೇ ಅವುಗಳ ಕ್ಲಿಪ್ ಬಿಚ್ಚಿ, ನಕಲ್ಲನ್ನ ಒಂದು ಹಗ್ಗದಲ್ಲಿ ಕಟ್ಟಿ ಹಾಕಬೇಕು.

ಸ್ಟ್ರಟ್ ಕೈಗೆ ಬಂತು. ಕೈ-ಮುಖ ಉಳಿಯಲ್ಲ ಅಂದ ಜಾಗ ಇದೇ.

ಆ ಕಂಬದ ತುದಿಯಲ್ಲಿ ಒಂದು ನಟ್ ಇರುತ್ತೆ. ಸ್ಪ್ರಿಂಗನ್ನ ಒತ್ತಿ ಹಿಡಿದು ಕೂರಿಸಿರೋದು ಅದೊಂದೇ. ಸ್ಪ್ರಿಂಗ್ ಒತ್ತದೆ ಆ ನಟ್ ಬಿಚ್ಚಿದರೆ ಮೇಲಿನ ತಟ್ಟೆ, ಸ್ಪ್ರಿಂಗ್ ಎರಡೂ ಗುಂಡಿನ ಹಾಗೆ ಹಾರುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಮಿಲಿಮೀಟರ್ ಒತ್ತೋಕೆ 25 ನ್ಯೂಟನ್ ಬಲ ಬೇಡೋ ಸ್ಪ್ರಿಂಗನ್ನ 15 ಸೆಂಟಿಮೀಟರ್ ಒತ್ತಿದರೆ ಅದು ಹಿಂದಕ್ಕೆ ತಳ್ಳೋದು ಸುಮಾರು 380 ಕಿಲೋ ತೂಕದ ಬಲದಿಂದ. ಒಳಗೆ ಕೂತಿರೋ ಶಕ್ತಿ 280 ಜೌಲ್. 25 ಕಿಲೋ ಅಕ್ಕಿ ಮೂಟೆ ಎದೆಮಟ್ಟದಿಂದ ಬಿದ್ದಷ್ಟು. ಆ ಮೂಟೆಯ ಬದಲು ಕಬ್ಬಿಣದ ಒಂದು ತುದಿ ಮುಖಕ್ಕೆ ಬರುತ್ತೆ ಅಂದ್ಕೊಳ್ಳಿ.

ಒತ್ತೋಕೆ ಬಳಸೋದು ಸ್ಪ್ರಿಂಗ್ ಕಂಪ್ರೆಸರ್. ಎರಡು ಉದ್ದನೆಯ ತಿರುಪಿನ ರಾಡು, ತುದಿಗಳಲ್ಲಿ ಕೊಕ್ಕೆ. ಇಲ್ಲಿ ಆಟೋಜೋನ್‌ನಂಥ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಕಟ್ಟಿ ತಗೊಂಡು ಹೋಗಿ, ಕೆಲಸ ಮುಗಿಸಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ನಾನೂ ಅದನ್ನೇ ತಂದೆ. ಎರಡು ರಾಡೂ ಎದುರುಬದುರು ಇರಬೇಕು, ಕೊಕ್ಕೆಗಳು ಸುತ್ತಿನ ಮೇಲೆ ಪೂರ್ತಿ ಕೂತಿರಬೇಕು, ಒಂದನ್ನ ನಾಲ್ಕು ಸುತ್ತು ತಿರುಗಿಸಿದರೆ ಇನ್ನೊಂದನ್ನೂ ನಾಲ್ಕು. ಒಂದೇ ಕಡೆ ಬಿಗಿದರೆ ಸ್ಪ್ರಿಂಗ್ ಬಿಲ್ಲಿನ ಹಾಗೆ ಬಾಗಿ ಕೊಕ್ಕೆ ಜಾರುತ್ತೆ. ಇಂಪ್ಯಾಕ್ಟ್ ಗನ್ ಬೇಡವೇ ಬೇಡ, ಕೈಯಲ್ಲೇ ತಿರುಗಿಸಬೇಕು. ಸ್ಪ್ರಿಂಗಿನ ಎರಡೂ ತುದಿಯ ನೇರಕ್ಕೆ ನಾವೂ ಇರಬಾರದು, ಬೇರೆಯವರೂ ಇರಬಾರದು.

ಪಕ್ಕದ ಮನೆಯಲ್ಲಿ ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನಾನು ರಾಡು ಕೂರಿಸ್ತಿದ್ದಾಗ ಕಾಫಿ ಲೋಟ ಹಿಡ್ಕೊಂಡು ಬಂದು ನಿಂತರು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಂದು ದಪ್ಪ ಸರಪಳಿ ತಂದು, ಸ್ಪ್ರಿಂಗಿನ ಸುತ್ತುಗಳ ಮಧ್ಯೆ ತೂರಿಸಿ, ಶಾಕ್‌ಗೆ ಸುತ್ತಿ ಬೀಗ ಹಾಕಿದರು. ಕೊಕ್ಕೆ ಜಾರಿದರೂ ಸ್ಪ್ರಿಂಗ್ ಗ್ಯಾರೇಜ್ ದಾಟಿ ಹೋಗಲ್ಲ ಅಂತ. "ನನ್ನ ಜೊತೆ ಕೆಲಸ ಮಾಡ್ತಿದ್ದವನೊಬ್ಬನ ದವಡೆ ಹೋಯ್ತು" ಅಂದರು, ಅಷ್ಟೇ. ಆಮೇಲೆ ಪೂರ್ತಿ ಅರ್ಧ ಗಂಟೆ ಅಲ್ಲೇ ನಿಂತಿದ್ದರು, ಪಕ್ಕಕ್ಕೆ.

ಸ್ಪ್ರಿಂಗ್ ಎರಡೂ ತಟ್ಟೆಗಳಿಂದ ಬಿಟ್ಟುಕೊಂಡು, ಕೈಯಲ್ಲಿ ತಿರುಗಿಸಿದರೆ ಅಲುಗಾಡೋ ಸ್ಥಿತಿಗೆ ಬಂದ ಮೇಲಷ್ಟೇ ನಟ್ಟಿಗೆ ಪಾನಾ ಹಾಕಬೇಕು. ಇದರಲ್ಲೊಂದು ತಮಾಷೆ ಇದೆ. ಹೊಸ ಸ್ಪ್ರಿಂಗ್ ಗಿಡ್ಡ, ಹಾಗಾಗಿ ಅದನ್ನ ಹಾಕೋಕೆ ಹೆಚ್ಚು ಒತ್ತಬೇಕಿಲ್ಲ, ನನ್ನದು ಹೆಚ್ಚುಕಮ್ಮಿ ಕೈಯಲ್ಲೇ ಕೂತಿತು. ಅಪಾಯ ಇರೋದೆಲ್ಲ ಹಳೇದನ್ನ ತೆಗೆಯೋದರಲ್ಲಿ. ಎಲ್ಲಾ ಬಿಚ್ಚಿದ್ದಾಗಲೇ ಬಂಪ್ ಸ್ಟಾಪನ್ನೂ ನೋಡಬೇಕು. ಸ್ಪ್ರಿಂಗ್ ಕಂಪನಿ ಅದನ್ನ ಇಷ್ಟು ಕತ್ತರಿಸಿ ಅಂದಿದ್ದರೆ ಅಷ್ಟೇ ಕತ್ತರಿಸಿ, ಏನೂ ಹೇಳದಿದ್ದರೆ ಮುಟ್ಟಬೇಡಿ. ಮೊದಲನೇ ಬದಿಗೆ ಐದು ಗಂಟೆ ಆಯ್ತು, ಎರಡನೇದಕ್ಕೆ ಎರಡೇ ಗಂಟೆ.

ಎರಡು ವಾರ ಓಡಿಸಿ ಸ್ಪ್ರಿಂಗ್ ಒಗ್ಗಿದ ಮೇಲೆ ಮತ್ತೆ ಅಳೆದೆ, 24 ಮಿಲಿಮೀಟರ್ ಇಳಿದಿತ್ತು. ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಮಾಡಿಸಿದೆ, ಅದು ಮನೇಲಿ ಆಗೋ ಕೆಲಸ ಅಲ್ಲ. ಕಾರು ಇಳಿದಾಗ ಚಕ್ರದ ಓರೆಯೂ, ಮುಂದಕ್ಕೆ ನೋಡೋ ದಿಕ್ಕೂ ಬದಲಾಗಿರುತ್ತೆ. ಹಾಗೇ ಓಡಿಸಿದರೆ ಟೈರಿನ ಒಳ ಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತೆ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತೆ ಅಂತ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು. ಲೇನ್ ಕಾಯೋ ಕ್ಯಾಮೆರಾ, ಬ್ರೇಕ್ ಹಾಕೋ ರೇಡಾರ್ ಇರೋ ಹೊಸ ಕಾರುಗಳಲ್ಲಿ ಅವನ್ನೂ ಮತ್ತೆ ಹೊಂದಿಸಬೇಕಾಗಬಹುದು.

ಚೆನ್ನಾಗಿದೆಯಾ? ನೋಡೋಕೆ ತುಂಬಾ ಚೆನ್ನಾಗಿದೆ. ಹೆದ್ದಾರಿಯಲ್ಲಿ ಗಟ್ಟಿಯಾಗಿ ಕೂತ ಹಾಗಿರುತ್ತೆ. ರೈಲ್ವೆ ಹಳಿ ದಾಟುವಾಗ ಮಾತ್ರ ಪ್ರತಿ ಸಲ ಹಲ್ಲು ಕಚ್ಚಿಕೊಳ್ತೀನಿ. ಹಿಮ ಕರಗೋ ಮಾರ್ಚ್ ತಿಂಗಳಲ್ಲಿ ಇಲ್ಲಿನ ರಸ್ತೆಗಳಲ್ಲೂ ಬಕೆಟ್ ಗಾತ್ರದ ಗುಂಡಿ ಬೀಳುತ್ತೆ. ಆಗ ಆ ಕಾರು ಗ್ಯಾರೇಜಲ್ಲೇ ಇರುತ್ತೆ, ನಮ್ಮ ಮನೆಯವರ ಕಾರಲ್ಲಿ ಆಫೀಸಿಗೆ ಹೋಗ್ತೀನಿ. ಎರಡನೇ ಕಾರು ಇರೋ ಅನುಕೂಲ ಅದು.

ರಾಜಾಜಿನಗರದ ಹಂಪ್

ಈಗ ಪೋಲೋ. ಖಾಲಿ ನಿಂತಾಗ ಅದರ ತಳಕ್ಕೂ ನೆಲಕ್ಕೂ ಸುಮಾರು 165 ಮಿಲಿಮೀಟರ್. ನಮ್ಮ ದೇಶದ ರಸ್ತೆ ಮಾನದಂಡದ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಮೈ ವೃತ್ತದ ಒಂದು ತುಣುಕಿನ ಹಾಗೆ ನಯವಾಗಿ ಏರಿ ಇಳಿಯಬೇಕು. ಅಂಥ ಹಂಪಿನ ನೆತ್ತಿಯ ಮೇಲೆ ಪೋಲೋ ನಿಂತರೆ ಅದರ ಎರಡೂ ಜೋಡಿ ಚಕ್ರಗಳು ಹಂಪಿನ ಮೇಲೇ ಇರುತ್ತವೆ, ಯಾಕಂದ್ರೆ ಚಕ್ರಗಳ ನಡುವಿನ ದೂರ ಎರಡೂವರೆ ಮೀಟರ್ ಒಳಗೆ. ಲೆಕ್ಕ ಹಾಕಿದರೆ ಹೊಟ್ಟೆಯ ಕೆಳಗೆ ಹಂಪ್ ಎದ್ದಿರೋದು ನಾಲ್ಕೂವರೆ ಸೆಂಟಿಮೀಟರ್ ಅಷ್ಟೇ. ಇಳಿಸಿದ ಕಾರೂ ಆರಾಮಾಗಿ ದಾಟುತ್ತೆ.

ಅಂಥ ಹಂಪ್ ನಿಮ್ಮ ಬೀದಿಯಲ್ಲಿದೆಯಾ? ಅವನಿಗೂ ಅದನ್ನೇ ಕೇಳಿದೆ. "ಒಂದು ಟೇಪು, ಒಂದು ಉದ್ದ ಕೋಲು ತಗೊಂಡು ಹೋಗಿ ಮನೆ ಮುಂದಿನ ಹಂಪ್ ಅಳೆದು ಹೇಳು." ಬೆಳಿಗ್ಗೆ ಆರು ಗಂಟೆಗೆ ಹಾಲು ತರೋ ನೆಪದಲ್ಲಿ ಹೋಗಿ ಅಳೆದು ಬಂದ. ಅಗಲ ಒಂದು ಮೀಟರಿಗೂ ಕಮ್ಮಿ, ಎತ್ತರ 12 ಸೆಂಟಿಮೀಟರ್. ಮುಂದಿನ ಚಕ್ರ ದಾಟಿದ ಮೇಲೆ ಪೂರ್ತಿ 12 ಸೆಂಟಿಮೀಟರ್ ಗುಡ್ಡ ಹೊಟ್ಟೆಯ ಕೆಳಗೆ.

ಐದು ಜನ ಕೂತರೆ ಅಂಥ ಸಣ್ಣ ಕಾರು ಮೂರೂವರೆ ಸೆಂಟಿಮೀಟರಿನಷ್ಟು ಕುಸಿಯುತ್ತೆ. ಅಂದ್ರೆ ಕಂಪನಿ ಸ್ಪ್ರಿಂಗಿನಲ್ಲಿ ತುಂಬಿದ ಪೋಲೋ 13 ಸೆಂಟಿಮೀಟರ್ ಎತ್ತರದಲ್ಲಿದೆ, 12ರ ಹಂಪನ್ನ ಕೂದಲೆಳೆಯಲ್ಲಿ ದಾಟುತ್ತೆ. ಅವನು ನೋಡಿಟ್ಟಿದ್ದ ಸ್ಪ್ರಿಂಗ್ 35 ಮಿಲಿಮೀಟರ್ ಇಳಿಸೋದು. ಗಟ್ಟಿ ಸ್ಪ್ರಿಂಗ್ ಸ್ವಲ್ಪ ಕಮ್ಮಿ ಕುಸಿಯುತ್ತೆ ಅಂತಲೇ ಇಟ್ಕೊಂಡರೂ ಉಳಿಯೋದು ಹತ್ತೇ ಸೆಂಟಿಮೀಟರ್. ಮೊದಲು ತಾಗೋದು ಎಂಜಿನ್ ಕೆಳಗಿನ ಆಯಿಲ್ ಚೇಂಬರ್. ಅದು ಒಡೆದರೆ ಆಯಿಲೆಲ್ಲ ರಸ್ತೆಗೆ. ಶಿರಾಡಿ ಘಾಟಿಯ ಮಧ್ಯೆ, ರಾತ್ರಿ, ಚಿಕ್ಕಮ್ಮ-ಚಿಕ್ಕಪ್ಪನ ಜೊತೆ.

"ಹಾಗಾದ್ರೆ ಅಕ್ಕಾ, ಇಲ್ಲಿ ಒಬ್ಬ ಮೆಕ್ಯಾನಿಕ್ ಇದಾನೆ, ಇರೋ ಸ್ಪ್ರಿಂಗಲ್ಲೇ ಒಂದು ಸುತ್ತು ಕಟ್ ಮಾಡ್ಕೊಡ್ತಾನಂತೆ. ಬರೀ ಒಂದು ಇಂಚು ಇಳಿಯುತ್ತೆ, ಎರಡು ಸಾವಿರ ರೂಪಾಯಿ."

ಇದಕ್ಕಂತೂ ನಾನು ಫೋನಲ್ಲೇ ಕೂಗಿದೆ. ಸ್ಪ್ರಿಂಗಿನ ಗಟ್ಟಿತನ ಅದರ ಸುತ್ತುಗಳ ಸಂಖ್ಯೆಗೆ ತಿರುಗುಮುರುಗು. ಕೆಲಸ ಮಾಡೋ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಗಟ್ಟಿತನ ಶೇ 20ರಷ್ಟು ಏರುತ್ತೆ, ಅದೇನೋ ಸರಿ. ಆದರೆ ಕತ್ತರಿಸಿದ ತುದಿ ಸೀಟಿನ ಆಕಾರಕ್ಕೆ ಕೂರಲ್ಲ. ಹಂಪ್ ಹಾರಿದಾಗ ಚಕ್ರ ಕೆಳಗೆ ಜೋತುಬಿದ್ದರೆ ಗಿಡ್ಡವಾದ ಸ್ಪ್ರಿಂಗ್ ಸಡಿಲಾಗಿ ಜಾಗ ತಪ್ಪುತ್ತೆ, ಮತ್ತೆ ಚಕ್ರ ಮೇಲೆ ಬಂದಾಗ ಎಲ್ಲಿ ಕೂರುತ್ತೋ ದೇವರಿಗೇ ಗೊತ್ತು. ಗ್ಯಾಸ್ ಕಟರಿನಲ್ಲಿ ಕತ್ತರಿಸಿದರೆ ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತೆ. ಲೋವರಿಂಗ್ ಸ್ಪ್ರಿಂಗಿನವರು ತುದಿಗಳನ್ನ ಸೀಟಿಗೆ ಹೊಂದೋ ಹಾಗೆ ಮಾಡಿ, ಚಕ್ರ ಪೂರ್ತಿ ಜೋತುಬಿದ್ದಾಗಲೂ ಸಡಿಲಾಗದಷ್ಟು ಉದ್ದ ಇಟ್ಟಿರ್ತಾರೆ. ನಾವು ಕೊಡೋ ದುಡ್ಡು ಅದಕ್ಕೆ.

ಹಳೇ ಕಾರು ಇಟ್ಕೊಂಡಿರೋರಿಗೆ ಇನ್ನೊಂದು ಮಾತು. ಎಬಿಎಸ್ ಇಲ್ಲದ ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೂ ಬಾಡಿಗೂ ನಡುವೆ ಒಂದು ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ಇರುತ್ತೆ. ಹಿಂದೆ ಭಾರ ಹೆಚ್ಚಾಗಿ ಕಾರು ಕುಸಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತೆ. ಅಂಥ ಕಾರನ್ನ ಇಳಿಸಿದರೆ ವಾಲ್ವ್ ದಿನವಿಡೀ ಡಿಕ್ಕಿ ತುಂಬಿದೆ ಅಂತಲೇ ತಿಳ್ಕೊಂಡಿರುತ್ತೆ. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಕಾರು ಗಿರ್ರನೆ ತಿರುಗಬಹುದು. ಸ್ಪ್ರಿಂಗ್ ಹಾಕೋ ಎಷ್ಟೋ ಜನಕ್ಕೆ ಆ ವಾಲ್ವ್ ಇರೋದೇ ಗೊತ್ತಿಲ್ಲ.

ಕಾನೂನಿನ ವಿಷಯಕ್ಕೆ ಬಂದರೆ, ಮಿಷಿಗನ್‌ನಲ್ಲಿ ಖಾಸಗಿ ಕಾರುಗಳಿಗೆ ವರ್ಷ ವರ್ಷ ತಪಾಸಣೆ ಅಂತ ಇಲ್ಲ. ಜರ್ಮನಿಯಲ್ಲಿ ಒಳ್ಳೆ ಸ್ಪ್ರಿಂಗುಗಳು ಪರೀಕ್ಷಾ ಪತ್ರದ ಜೊತೆಗೇ ಬರುತ್ತವೆ, ಹಾಕಿದ ಮೇಲೆ ಪರೀಕ್ಷಕರಿಗೆ ತೋರಿಸಿ ಒಪ್ಪಿಗೆ ಪಡೀಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗೋ ಹಾಗೆ ವಾಹನ ಬದಲಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಯಾರಿಗೆ ಕಾಣುತ್ತೆ ಅಂತ ಅವನ ವಾದ. ಪೊಲೀಸರಿಗೆ ಕಾಣದೇ ಇರಬಹುದು ಕಣೋ, ಆಕ್ಸಿಡೆಂಟ್ ಆದ ಮೇಲೆ ಕಾರು ಪರೀಕ್ಷೆ ಮಾಡೋಕೆ ಬರೋ ಇನ್ಶೂರೆನ್ಸ್ ಸರ್ವೇಯರಿಗೆ ಕಾಣುತ್ತೆ ಅಂದೆ. ಕ್ಲೇಮ್ ತಕರಾರಿಗೆ ಬಿದ್ದರೆ ಎದುರು ಪಾರ್ಟಿಗೆ ಪರಿಹಾರ ಕೊಡೋ ಹೊಣೆ ಯಾರ ತಲೆಗೆ ಬರುತ್ತೆ ಅಂತಲೂ ಕೇಳಿದೆ. ಕಾರು ಚಿಕ್ಕಪ್ಪನ ಹೆಸರಲ್ಲಿದೆ.

ಇಷ್ಟೆಲ್ಲ ಮಾತಾಡ್ತಿದ್ದಾಗ ಚಿಕ್ಕಪ್ಪ ಪಕ್ಕದಲ್ಲೇ ಪೇಪರ್ ಓದ್ತಿದ್ರು ಅಂತ ಕಾಣುತ್ತೆ. ಫೋನ್ ಇಸ್ಕೊಂಡು ಒಂದೇ ಮಾತು ಕೇಳಿದರು: "ಏನಮ್ಮಾ, ಈಗಲೇ ಅದರಿಂದ ಎದ್ದು ಬರೋಕೆ ಬಾಗಿಲು ಹಿಡ್ಕೋಬೇಕು. ಇನ್ನೂ ಕೆಳಗೆ ಇಳಿಸ್ತೀರಾ?"

ಅವನ ಕಾರಿನ ನಿಜವಾದ ಕಾಯಿಲೆ ಬೇರೆ ಇತ್ತು. 80,000 ಕಿಲೋಮೀಟರ್ ಓಡಿದ ಮೂಲ ಶಾಕ್ ಅಬ್ಸಾರ್ಬರುಗಳು. ವಿಡಿಯೊ ಕಾಲಲ್ಲಿ ತೋರಿಸು ಅಂದೆ. ಮುಂದಿನ ಎಡಗಡೆಯದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಹೆದ್ದಾರಿಯಲ್ಲಿ ಕಾರು ತೇಲಾಡುತ್ತೆ, ಅದಕ್ಕೇ ಗಟ್ಟಿ ಸ್ಪ್ರಿಂಗ್ ಬೇಕು ಅಂತಿದ್ದನಲ್ಲ, ತೇಲಾಟ ಬರ್ತಿದ್ದದ್ದು ಅಲ್ಲಿಂದ. ಸತ್ತ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಚೆಂಡಿನ ಹಾಗೆ ಕುಣಿಯುತ್ತೆ.

ಡಿಸೆಂಬರಲ್ಲಿ ಸ್ಪ್ರಿಂಗ್ ತಗೊಂಡು ಹೋಗಲಿಲ್ಲ. ಟಾರ್ಕ್ ರೆಂಚು, ನಕಲ್ ಸೀಳು ಅಗಲಿಸೋ ಆ ಸಣ್ಣ ಬಿಟ್ಟು ತಗೊಂಡು ಹೋದೆ. ಹೊಸ ಶಾಕುಗಳು, ಮೇಲಿನ ಮೌಂಟುಗಳನ್ನ ಅವನು ಮೊದಲೇ ಜೆಸಿ ರೋಡಿನಿಂದ ತಂದಿಟ್ಟಿದ್ದ. ಭಾನುವಾರ ಬೆಳಿಗ್ಗೆ ಮನೆ ಮುಂದಿನ ಪೋರ್ಟಿಕೋದಲ್ಲಿ ಮುಂದಿನ ಎರಡೂ ಸ್ಟ್ರಟ್ ಬಿಚ್ಚಿದ್ವಿ. ತುಕ್ಕೇ ಇಲ್ಲದ ಬೋಲ್ಟ್ ಬಿಚ್ಚೋದು ಎಂಥಾ ಸುಖ! ಸ್ಪ್ರಿಂಗ್ ಒತ್ತೋ ಕೆಲಸ ಮಾತ್ರ ಮನೇಲಿ ಮಾಡಲಿಲ್ಲ. ಎರಡು ಸ್ಟ್ರಟ್ಟನ್ನೂ ಹಳೇ ಬೆಡ್‌ಶೀಟಲ್ಲಿ ಸುತ್ತಿ, ಆಟೋದಲ್ಲಿಟ್ಟುಕೊಂಡು, ಗೋಡೆಗೆ ಬಿಗಿದ ಕಂಪ್ರೆಸರ್ ಇರೋ ಗ್ಯಾರೇಜಿಗೆ ಒಯ್ದ್ವಿ. ಅಲ್ಲಿನ ಹುಡುಗ ಹದಿನೈದು ನಿಮಿಷದಲ್ಲಿ ಎರಡನ್ನೂ ಬಿಚ್ಚಿ, ಹೊಸ ಶಾಕ್ ಮೇಲೆ ಕಂಪನಿಯ ಅದೇ ಸ್ಪ್ರಿಂಗ್ ಕೂರಿಸಿಕೊಟ್ಟ. ಆರುನೂರು ರೂಪಾಯಿ ತಗೊಂಡ. ಮನೇಲಿ ಈ ಕೆಲಸ ಮಾಡಬೇಕು ಅನ್ನೋ ಯಾರಿಗೇ ಆಗಲಿ ನಾನು ಹೇಳೋ ದಾರಿ ಇದೇ. ಬಿಚ್ಚೋದು, ಹಾಕೋದು ನೀವೇ ಮಾಡಿ, ಕಲಿಯೋಕೆ ಬಹಳ ಇದೆ. ಒತ್ತೋದನ್ನ ಗೋಡೆಯ ಕಂಪ್ರೆಸರ್ ಇರೋರಿಗೆ ಬಿಡಿ.

ಮಧ್ಯಾಹ್ನ ಚಿಕ್ಕಮ್ಮನ ಬಿಸಿಬೇಳೆಬಾತ್ ಆರೋ ಮೊದಲೇ ಚಕ್ರ ಹಾಕಿ ಮುಗಿಸಿದ್ವಿ. ಹಿಂದಿನ ಶಾಕುಗಳು ಸಂಜೆಗೆ. ಸೋಮವಾರ ಅಲೈನ್‌ಮೆಂಟ್. ಗುರುವಾರ ನಾನೂ ಸೇರಿ ಐದು ಜನ ಧರ್ಮಸ್ಥಳಕ್ಕೆ ಹೋಗಿ ಬಂದ್ವಿ. ಹಾಸನ ದಾಟಿದ ಮೇಲೆ ಅವನೇ ಅಂದ, ಸ್ಟೀರಿಂಗ್ ಈಗ ಹೇಳಿದ ಮಾತು ಕೇಳುತ್ತೆ ಅಕ್ಕಾ ಅಂತ. ಫೆಂಡರಿನ ಜಾಗ ಹಾಗೇ ಇದೆ, ಅದರ ಬಗ್ಗೆ ಅವನಿಗಿನ್ನೂ ಅಸಮಾಧಾನ. ಒಂದು ಸೈಜ್ ದೊಡ್ಡ ಟೈರ್ ಹಾಕಿದರೆ ಹೇಗೆ ಅಂತ ಮೊನ್ನೆ ಮತ್ತೆ ಮೆಸೇಜ್ ಮಾಡಿದ್ದಾನೆ.